ಇಂಗ್ಲಿಷು ವಿದ್ವದ್ಗದ್ಯದ ವ್ಯಾಕರಣ



ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಕನ್ನಡದ ಮಕ್ಕಳು ಇಂದು ದೇಶವಿದೇಶಗಳಲ್ಲಿ ಸಂಶೋಧನೆ ನಡೆಯಿಸಿ, ಅದರ ಫಲವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಿದೆ. 'ಭಾಷೆ ಸಾಲದು' ಎಂದು ಆ ಬರೆವಣಿಗೆ ಹಿಂದಿರುಗಿ ಬಂದಾಗ ಅದರೊಳಗಣ ಸತ್ಯವೂ ಮರೆಯಾಗುತ್ತದೆ. ಆದುದರಿಂದ ಸಾಲದಿರುವುದು ಏನೆಂಬುದನ್ನು ವಿಚಾರಿಸತಕ್ಕದ್ದಾಗಿದೆ.

ಮೊದಲು ಕಣ್ಣಿಗೆ ಬೀಳುವುದು 'ಎ', 'ದಿ' ಎಂಬ ಉಪಪದಗಳ ಲೋಪ. ಕನ್ನಡದಲ್ಲಿ ಅವುಗಳಿಗೆ ಸರಿಸಮವಾದ ಪದಗಳಿಲ್ಲ. 'ಒಂದು', 'ಆ' ಎಂಬಿವು ಬೇಕಾದೆಡೆ ಮಾತ್ರ ಬರತಕ್ಕವು. ಈ ತಪ್ಪಿನಿಂದ ಅರ್ಥ ಕೆಡುವುದು ವಿರಳ. ತಿದ್ದುವವರ ಕೆಂಪು ಮಸಿ ಇಲ್ಲಿಯೇ ಹೆಚ್ಚಾಗಿ ವೆಚ್ಚವಾಗುವುದೆಂಬುದು ಬೇರೆ ಮಾತು.

ವಿದ್ವದ್ಗದ್ಯದ ನಿಜವಾದ ತೊಡಕು ಬೇರೆ. ಡಗ್ಲಸ್ ಬೈಬರ್ ಮತ್ತು ಬೆಥನಿ ಗ್ರೇ ಎಂಬ ವಿದ್ವಾಂಸರು 2016ರ ತಮ್ಮ ಗ್ರಂಥದಲ್ಲಿ, ಆ ಗದ್ಯದ ಜಟಿಲತೆಯು ಉಪವಾಕ್ಯಗಳಲ್ಲಿಲ್ಲ, ನಾಮಪದಗಳ ಅಡಕದಲ್ಲಿದೆ ಎಂದು ತೋರಿಸಿರುವರು. 'ಬಾವಿಯ ನೀರು ಇಳಿಯಿತು, ಆದುದರಿಂದ ಬೆಳೆ ಕುಂದಿತು' ಎಂದು ಬಿಡಿಸಿ ಹೇಳದೆ, 'ಅಂತರ್ಜಲಕ್ಷಯಜನ್ಯವಾದ ಸಸ್ಯಹಾನಿ' ಎಂದು ಬಿಗಿಯುವುದು ಅದರ ರೀತಿ. ಸಮಾಸಗಳನ್ನು ಬಿಡಿಸಲು ಕಲಿತ ವಟುವಿಗೆ ಇದು ಹೊಸತಲ್ಲ. ಲಂಡನ್ನಿನಲ್ಲಿ ಹುಟ್ಟಿದ ಬಾಲಕನಾದರೂ ಇದನ್ನು ತಾಯ ತೊಡೆಯ ಮೇಲೆ ಕಲಿಯಲಿಲ್ಲ, ಓದಿನಿಂದಲೇ ಸಂಪಾದಿಸಬೇಕು. ಜರ್ಮನಿಯ ಕಿಟ್ಟೆಲ್ ಮಹಾಶಯರು 1894ರ ಕನ್ನಡ ನಿಘಂಟಿನ ಅರ್ಥಗಳನ್ನೂ 1903ರ ಕನ್ನಡ ವ್ಯಾಕರಣವನ್ನೂ ಬರೆದುದು ತಮ್ಮದಲ್ಲದ ಈ ಇಂಗ್ಲಿಷಿನಲ್ಲಿಯೇ ಅಲ್ಲವೆ?

ಆದರೆ ಹೆಚ್ಚು ಹಾನಿಯನ್ನುಂಟುಮಾಡುವುದು ಕ್ರಿಯಾಪದದ ನಿಶ್ಚಯ. ಕೆನ್ ಹೈಲಂಡ್, ಜಾನ್ ಮಿಲ್ಟನ್ ಎಂಬವರು 1997ರಲ್ಲಿ ಹಾಂಗ್‌ಕಾಂಗಿನ ಮತ್ತು ಬ್ರಿಟನ್ನಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಹೋಲಿಸಿ, ಹಾಂಗ್‌ಕಾಂಗಿನವರು ತಮ್ಮ ಮಾತನ್ನು ಹೆಚ್ಚು ಖಂಡಿತವಾಗಿ ನುಡಿಯುವರೆಂದು ಕಂಡರು. ಕೆಲವೇ ರೋಗಿಗಳನ್ನು ನೋಡಿದ ಸಂಶೋಧಕನು 'ಈ ಔಷಧವು ಜ್ವರವನ್ನು ನಿಲ್ಲಿಸುತ್ತದೆ' ಎಂದು ಬರೆದರೆ ಅನ್ಯರಿಗೆ ಅದು ಜಂಬವಾಗಿ ತೋರುವುದು. 'ನಿಲ್ಲಿಸಬಹುದೆಂದು ಕಾಣುತ್ತದೆ' ಎಂದಿದ್ದರೆ ಅದೇ ಪ್ರಯೋಗವು ಮನ್ನಣೆ ಪಡೆಯುತ್ತಿದ್ದಿತು.

ಇದು ಕನ್ನಡದ ಕೊರತೆಯೆಂದು ಕೆಲವರು ಎಣಿಸುವುದು ಸರಿಯಲ್ಲ. 'ಬಂದಾನು', 'ಬಂದೀತು' ಎಂಬ ಸಂಭಾವನಾರ್ಥಕ ರೂಪಗಳು ಕನ್ನಡ ಕ್ರಿಯಾಪದದಲ್ಲಿಯೇ ಇವೆ. ಮೋಡವನ್ನು ನೋಡಿದ ರೈತನು 'ಮಳೆ ಬಂದೀತು' ಎನ್ನುವನೇ ಹೊರತು 'ಬಂದೇ ಬರುತ್ತದೆ' ಎಂದು ಆಣೆಯಿಡನು. ಈ ನಯವನ್ನು ಹುಡುಗರು ಕಳೆದುಕೊಳ್ಳುವುದು ಶಾಲೆಯಲ್ಲಿ; ಪರೀಕ್ಷೆಯ ಕಾಗದದಲ್ಲಿ 'ಬಂದೀತು' ಎಂದು ಬರೆದವನಿಗೆ ಅಂಕಗಳನ್ನು ಕೊಡುವ ಪದ್ಧತಿಯಿಲ್ಲ.