ನಡುರಾತ್ರಿಯ ಉಬ್ಬಸ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹಗಲಿನ ಕಷ್ಟಗಳನ್ನು ಕುರಿತು ಈ ಕೂಟದಲ್ಲಿ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇಂದು ರಾತ್ರಿಯ ಒಂದು ಕಷ್ಟವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಹೋಟೆಲಿನ ಗಲಾಟೆ ಅಡಗಿ, ಪಾತ್ರೆ ತೊಳೆದು, ಒಂದೇ ಖೋಲಿಯಲ್ಲಿ ಹತ್ತು ಮಂದಿ ಚಾಪೆ ಹಾಸಿ ಮಲಗಿರುತ್ತೇವೆ. ಮೂರೋ ನಾಲ್ಕೋ ಗಂಟೆಗೆ ಒಬ್ಬನು ಎದ್ದು ಕೂರುತ್ತಾನೆ. ಎದೆ ಬಿಗಿದಿದೆ, ಒಳಗೆ ಸುಂಯ್ ಎನ್ನುತ್ತಿದೆ. ಉಳಿದವರ ನಿದ್ದೆ ಕೆಡದಿರಲೆಂದು ಬಾಯಿಗೆ ಪಂಚೆ ಒತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತು ಬೆಳಗನ್ನು ಕಾಯುತ್ತಾನೆ. ಬೆಳಗಾದರೆ ಒಲೆಯ ಮುಂದೆ ನಿಲ್ಲಲೇಬೇಕು. ರೋಗಿಯೆಂದು ಗೊತ್ತಾದರೆ ಕೆಲಸ ಹೋದೀತೆಂಬ ಭಯದಿಂದ ಯಾರಿಗೂ ಹೇಳುವುದಿಲ್ಲ. ಇಂಥವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಉಬ್ಬಸ ರಾತ್ರಿಯಲ್ಲೇ ಏಕೆ ಹೆಚ್ಚುತ್ತದೆ? ಎಲ್ಲರ ಶ್ವಾಸನಾಳಗಳೂ ಬೆಳಗಿನ ಜಾವ 4 ಗಂಟೆಯ ಸುಮಾರಿಗೆ ಸ್ವಲ್ಪ ಕಿರಿದಾಗುತ್ತವೆ. ಊತವನ್ನು ತಗ್ಗಿಸಲು ದೇಹವೇ ತಯಾರಿಸುವ ಕಾರ್ಟಿಸಾಲ್ ಎಂಬ ರಸವೂ ನಡುರಾತ್ರಿಯ ಹೊತ್ತಿಗೆ ತೀರ ಕಡಿಮೆಯಾಗುತ್ತದೆ. ಗಟ್ಟಿ ಎದೆಯವನಿಗೆ ಇದು ತಿಳಿಯುವುದೂ ಇಲ್ಲ. ನಾಳ ಮೊದಲೇ ಊದಿಕೊಂಡಿರುವವನಿಗೆ ಉಸಿರೇ ಕಟ್ಟುತ್ತದೆ.

ನಮ್ಮಲ್ಲಿ ಹಲವರ ಜೇಬಿನಲ್ಲಿರುವುದು ಸಾಲ್ಬುಟಮಾಲ್ ಎಂಬ ಔಷಧದ ಪಂಪು. ಅದು ಕೆಲವೇ ನಿಮಿಷಗಳಲ್ಲಿ ಉಸಿರು ಬಿಡಿಸುತ್ತದೆ, ಆದರೆ ಅದರ ಬಲ 4ರಿಂದ 6 ಗಂಟೆ ಮಾತ್ರ. ರಾತ್ರಿ 10ಕ್ಕೆ ಸೇದಿದರೆ 3ರ ಹೊತ್ತಿಗೆ ಮುಗಿಯಿತು. ಈ ಕೊರತೆಯನ್ನು ತುಂಬಲು ಬಂದವು ಸಾಲ್ಮೆಟೆರಾಲ್, ಫಾರ್ಮೊಟೆರಾಲ್ ಎಂಬ ದೀರ್ಘಕಾಲದ ಔಷಧಗಳು. ಇವು ನಾಳದ ಸುತ್ತಲಿನ ಸ್ನಾಯುವನ್ನು ಸುಮಾರು 12 ಗಂಟೆಗಳ ಕಾಲ ಸಡಿಲವಾಗಿಡುತ್ತವೆ. ಮಲಗುವ ಮುಂಚೆ ಸೇದಿದವನು ಬೆಳಗಿನವರೆಗೆ ನಿದ್ದೆ ಮಾಡಬಹುದು.

ಇಲ್ಲಿಯೇ ನಾವು ಎಚ್ಚರವಾಗಿರಬೇಕು, ಬಂಧುಗಳೆ. ಹಸಿ ಕಟ್ಟಿಗೆ ಉರಿಯುವ ಅಡಿಗೆಮನೆಯ ಬಾಗಿಲು ತೆರೆದರೆ ಹೊಗೆ ಹೊರಗೆ ಹೋಗುತ್ತದೆ, ಕಣ್ಣಿಗೆ ಹಿತವಾಗುತ್ತದೆ. ಆದರೆ ಒಲೆಯಲ್ಲಿ ಕಟ್ಟಿಗೆ ಹಾಗೆಯೇ ಇದೆ. ದೀರ್ಘಕಾಲದ ಔಷಧ ಬಾಗಿಲು ತೆರೆಯುತ್ತದೆ, ಅಷ್ಟೆ. ನಾಳದ ಊತವೆಂಬ ಹಸಿ ಕಟ್ಟಿಗೆಯನ್ನು ತೆಗೆಯುವುದು ಸೇದುವ ಸ್ಟಿರಾಯ್ಡ್. ಅಮೆರಿಕದಲ್ಲಿ 1996ರಿಂದ 2003ರವರೆಗೆ 26,000ಕ್ಕೂ ಹೆಚ್ಚು ಉಬ್ಬಸದ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ತಾವು ಮಾಮೂಲಾಗಿ ತೆಗೆದುಕೊಳ್ಳುತ್ತಿದ್ದ ಔಷಧದ ಮೇಲೆ ಅರ್ಧದಷ್ಟು ಜನರು ಸಾಲ್ಮೆಟೆರಾಲ್ ಸೇದಿದರು, ಉಳಿದವರು ಬರಿಯ ಹುಸಿ ಔಷಧ ಸೇದಿದರು. ಉಬ್ಬಸದಿಂದ ಸತ್ತವರು ಮೊದಲ ಗುಂಪಿನಲ್ಲಿ 13, ಎರಡನೆಯದರಲ್ಲಿ 3. ಅವರಲ್ಲಿ ಬಹಳ ಮಂದಿ ಸ್ಟಿರಾಯ್ಡ್ ಸೇದುತ್ತಿರಲಿಲ್ಲ. ಎರಡನ್ನೂ ಕೂಡಿಸಿ ಕೊಟ್ಟ ಮುಂದಿನ ದೊಡ್ಡ ಪರೀಕ್ಷೆಗಳಲ್ಲಿ ಅಂಥ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆದ್ದರಿಂದ ಕೂಡಿದ ಔಷಧದ ಡಬ್ಬಿಯ ಮೇಲಿದ್ದ ಕಟುವಾದ ಎಚ್ಚರಿಕೆಯನ್ನು 2017ರಲ್ಲಿ ಅಲ್ಲಿನ ಸರಕಾರ ತೆಗೆಯಿತು.

ಉಬ್ಬಸದವನು ದೀರ್ಘಕಾಲದ ಔಷಧವನ್ನು ಒಂಟಿಯಾಗಿ ಎಂದೂ ಸೇದಬಾರದು. ಎರಡನ್ನು ಬೇರೆಬೇರೆಯಾಗಿ ಬರೆದುಕೊಟ್ಟಾಗ ಹಣ ಉಳಿಸಲು ಸ್ಟಿರಾಯ್ಡನ್ನು ಬಿಡುವುದು ಪ್ರಾಣದೊಡನೆ ಆಡುವ ಆಟ. ಎರಡೂ ಒಂದರಲ್ಲೇ ಕೂಡಿದ್ದನ್ನು ಕೇಳಿರಿ. ಸರಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿರಿ. ಪಂಪು ಚಟವಾಗುತ್ತದೆಂಬ ಮಾತನ್ನು ನಂಬಬೇಡಿ. ನಾಲ್ಕು ದಿನ ಚೆನ್ನಾಗಿ ನಿದ್ದೆ ಬಂತೆಂದು ನಿಲ್ಲಿಸಬೇಡಿ.

ಯಂತ್ರದಲ್ಲಿ ಹಾಕುವ ಪುಡಿಯ ಕ್ಯಾಪ್ಸೂಲನ್ನು ನುಂಗಬಾರದು, ಸೇದಬೇಕು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಹುಣ್ಣಾದೀತು. ಕೈ ನಡುಗಿದರೆ, ಎದೆ ಡವಗುಟ್ಟಿದರೆ ವೈದ್ಯರಿಗೆ ಹೇಳಬೇಕು. ಸಾಲ್ಮೆಟೆರಾಲ್ ನಿಧಾನವಾಗಿ ಹತ್ತುವ ಔಷಧ. ಉಸಿರು ಕಟ್ಟಿದ ಗಳಿಗೆಗೆ ಅದು ಒದಗುವುದಿಲ್ಲ. ಆ ಹೊತ್ತಿಗೆ ಯಾವುದನ್ನು ಸೇದಬೇಕೆಂದು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು. ಸೇದಿದರೂ ಉಸಿರು ಬಾರದೆ, ಒಂದು ಮಾತನ್ನು ಪೂರಾ ಆಡಲಾಗದೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಗಿರಣಿಯಲ್ಲಿ ದುಡಿದ ಹಿರಿಯರಿಗೊಂದು ಮಾತು. ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನ ನಿಮ್ಮ ಎದೆ ಬಿಗಿಯುತ್ತಿದ್ದರೆ ಅದು ಹತ್ತಿಯ ಧೂಳಿನಿಂದ ಬರುವ ಬೇರೆ ರೋಗವಿರಬಹುದು. ಪರೀಕ್ಷೆ ಮಾಡಿಸಿಕೊಳ್ಳದೆ ಮತ್ತೊಬ್ಬರ ಪಂಪನ್ನು ಸೇದಬೇಡಿ.

4 ವಾರಗಳಲ್ಲಿ ಒಂದು ರಾತ್ರಿ ಉಬ್ಬಸದಿಂದ ಎಚ್ಚರವಾದರೂ ರೋಗ ಪೂರ್ತಿ ಹಿಡಿತದಲ್ಲಿಲ್ಲವೆಂದೇ ವೈದ್ಯರ ಲೆಕ್ಕ. ಆದ್ದರಿಂದ ಕೆಮ್ಮನ್ನು ಪಂಚೆಯಲ್ಲಿ ಅಡಗಿಸಬೇಡಿ. ಪಕ್ಕದ ಚಾಪೆಯವನು ಎದ್ದು ಹೊರಗೆ ಹೋದರೆ ನಾವೂ ಎದ್ದು ಹೋಗೋಣ, "ಏನಣ್ಣ, ಉಸಿರು ಕಟ್ಟುತ್ತಿದೆಯೆ?" ಎಂದು ಕೇಳೋಣ, ಮರುದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ಯೋಣ. ಅವನ ಅರ್ಧ ದಿನದ ಪಾಳಿಯನ್ನು ನಮ್ಮಲ್ಲೊಬ್ಬರು ಹೊತ್ತುಕೊಂಡರೆ ಸಾಕು.