‘ಮಾಮೂಲು’ ಎಂಬ ಮಾತಿನ ಬೆನ್ನು ಹತ್ತಿ

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಲಂಚಕ್ಕೆ ನಮ್ಮ ಆಡುಮಾತಿನಲ್ಲಿ ಹೆಸರುಗಳು ಒಂದೆರಡಲ್ಲ. ಕಾಫಿ-ತಿಂಡಿ ಖರ್ಚು, ಕೈ ಬೆಚ್ಚಗೆ ಮಾಡುವುದು, ಕಾಣಿಕೆ, ಹೀಗೆ ಹಲವು. ಇವೆಲ್ಲಕ್ಕಿಂತ ಆಳವಾಗಿ ಬೇರೂರಿರುವ ಹೆಸರು ‘ಮಾಮೂಲು’. ಅರಬ್ಬಿ ಮೂಲದ ಈ ಪದಕ್ಕೆ ‘ರೂಢಿಯಲ್ಲಿರುವುದು’ ಎಂದಷ್ಟೇ ಅರ್ಥ. ಹಳೆ ಮೈಸೂರಿನಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿಗೆ ಅಮಲ್ದಾರರೆಂಬ ಹೆಸರಿತ್ತು. ಆ ಪದವೂ ಇದೇ ಧಾತುವಿನಿಂದ ಬಂದದ್ದು. ಇದು ಕೇವಲ ಭಾಷೆಯ ಸ್ವಾರಸ್ಯವಿರಬಹುದು. ಆದರೆ ತಪ್ಪಿಗೆ ‘ವಾಡಿಕೆ’ ಎಂದು ಹೆಸರಿಟ್ಟ ಮೇಲೆ ನಾಚಿಕೆ ಹೊರಟುಹೋಗುತ್ತದೆ. ಕೇಳುವವರು ಅಳುಕಿಲ್ಲದೆ ಕೇಳುತ್ತಾರೆ. ಕೊಡುವವರು ಬಸ್ಸಿನ ಟಿಕೆಟ್ಟಿಗೆ ಕೊಟ್ಟಂತೆ ಕೊಟ್ಟು ಬರುತ್ತಾರೆ.

ಭ್ರಷ್ಟಾಚಾರದ ಮಾತು ಬಂದರೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೆನೆಯುವುದುಂಟು. ಅಧಿಕಾರಿಗಳು ಹಣ ನುಂಗುವ ನಲವತ್ತು ಉಪಾಯಗಳನ್ನು ಅವನು ಪಟ್ಟಿ ಮಾಡಿದ್ದಾನೆ. ಅಲ್ಲಿ ಅವನ ಮುಖ್ಯ ಚಿಂತೆ ರಾಜನ ಬೊಕ್ಕಸದ್ದು. ನಾವಿಂದು ಮಾತನಾಡುತ್ತಿರುವ ಮಾಮೂಲಿನಿಂದ ಬೊಕ್ಕಸಕ್ಕೆ ನೇರವಾಗಿ ಒಂದು ರೂಪಾಯಿಯೂ ಕಡಿಮೆಯಾಗದಿರಬಹುದು. ಕಡಿಮೆಯಾಗುವುದು ಅರ್ಜಿದಾರನ ಜೇಬು.

ಹಾಗಾದರೆ ಮೇಜಿನಾಚೆ ಕುಳಿತವರು ಮಾರುವುದಾದರೂ ಏನನ್ನು? ಬಹುಪಾಲು ಸಂದರ್ಭಗಳಲ್ಲಿ ಅರ್ಜಿದಾರ ಕೇಳುವುದು ಕಾನೂನುಬದ್ಧವಾಗಿ ತನಗೆ ಸಲ್ಲಬೇಕಾದದ್ದನ್ನೇ. ಅದನ್ನು ‘ಇಲ್ಲ’ ಎನ್ನುವಂತಿಲ್ಲ, ಆದರೆ ‘ನಾಳೆ ಬನ್ನಿ’ ಎನ್ನಬಹುದು. ವಿಳಂಬವೇ ಇಲ್ಲಿನ ಸರಕು. ಕೇಂದ್ರ ಸರ್ಕಾರ 1962ರಲ್ಲಿ ನೇಮಿಸಿದ ಸಂತಾನಂ ಸಮಿತಿ ಇದನ್ನು ‘ಸ್ಪೀಡ್ ಮನಿ’ ಎಂದು ಗುರುತಿಸಿತು. ಹಣ ಕೊಡುವವರು ಬಯಸುವುದು ಅಕ್ರಮವನ್ನಲ್ಲ, ಕಡತ ಬೇಗ ಸಾಗುವುದನ್ನು. ಇದೇ ಅಭ್ಯಾಸವಾಗಿ, ಕೈಗೆ ಬೀಳುವವರೆಗೂ ಕಡತ ಮುಟ್ಟದ ಸಿಬ್ಬಂದಿಯೂ ಇದ್ದಾರೆ ಎಂದು ಸಮಿತಿ ಹೇಳಿತು. ಅಂದರೆ ಲಂಚ ವಿಳಂಬವನ್ನು ನೀಗಿಸುವುದಿಲ್ಲ, ಬೆಳೆಸುತ್ತದೆ.

ನಮ್ಮದೇ ರಾಜ್ಯದ ಪಹಣಿಯನ್ನು ನೋಡಿ. ಬೆಳೆ ಸಾಲಕ್ಕೆ, ಕೋರ್ಟಿನ ಜಾಮೀನಿಗೆ, ಜಮೀನಿನ ವ್ಯವಹಾರಕ್ಕೆ ರೈತನಿಗೆ ಅದು ಬೇಕೇ ಬೇಕು. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಮನುಷ್ಯರು ಬದಲಾದರು, ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು. ಆ ಒಬ್ಬರು ಸಿಗಬೇಕು, ಸಿಕ್ಕರೆ ಬರೆದುಕೊಡಲು ಮನಸ್ಸು ಮಾಡಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಬೇಕಲ್ಲ!

2001ರ ಹೊತ್ತಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗತೊಡಗಿತು. ಸಿಬ್ಬಂದಿ ರಾತ್ರೋರಾತ್ರಿ ಸಾಧುಗಳಾಗಲಿಲ್ಲ. ತಡೆಹಿಡಿಯುವ ಅಧಿಕಾರ ಕೈತಪ್ಪಿತು, ಅಷ್ಟೆ. ಆದರೆ ಖಾತೆ ಬದಲಾವಣೆಗೆ, ಪೋಡಿಗೆ, ಸ್ಥಳ ಪರಿಶೀಲನೆಗೆ ಇನ್ನೂ ಒಬ್ಬ ಮನುಷ್ಯ ಬರಬೇಕು, ನೋಡಬೇಕು, ವರದಿ ಬರೆಯಬೇಕು. ಎಲ್ಲಿ ಆ ಒಬ್ಬರ ಮರ್ಜಿ ಉಳಿಯಿತೋ ಅಲ್ಲಿ ಮಾಮೂಲಿಗೂ ಜಾಗ ಉಳಿಯಿತು.

ಈ ವಿಳಂಬಕ್ಕೇ ಬೆಲೆ ಕಟ್ಟಲು ಹೊರಟದ್ದು 2012ರಲ್ಲಿ ಆರಂಭವಾದ ‘ಸಕಾಲ’. ಗೊತ್ತುಪಡಿಸಿದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಹೊಣೆ ತಪ್ಪಿದ ಅಧಿಕಾರಿಯೇ ಅದನ್ನು ತೆರಬೇಕು. ನಾಳೆ ಮತ್ತೆ ಅದೇ ಮೇಜಿಗೆ ಹೋಗಬೇಕಾದವರು 500 ರೂಪಾಯಿಗಾಗಿ ಅಧಿಕಾರಿಯ ಮುನಿಸು ಕಟ್ಟಿಕೊಳ್ಳುವರೇ ಎಂಬ ಪ್ರಶ್ನೆ ನ್ಯಾಯವೇ. ಆದರೂ ಅರ್ಜಿಗೆ ಒಂದು ಸಂಖ್ಯೆ, ಒಂದು ಗಡುವು ಬಂದದ್ದು ಸಣ್ಣ ಮಾತಲ್ಲ. ‘ನಾಳೆ ಬನ್ನಿ’ ಎಂಬ ಮಾತಿಗೆ ದಾಖಲೆಯಿಲ್ಲ; ಸಕಾಲದ ಸ್ವೀಕೃತಿ ಚೀಟಿ ದಾಖಲೆ.

ಇನ್ನೊಂದು ವಿಷಯ ನೀವು ತಿಳಿದಿರಬೇಕು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆಯುಂಟು. ರಾಜ್ಯದಲ್ಲಿ 2016ರಲ್ಲಿ ರಚಿಸಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರಲ್ಲಿ ರದ್ದುಪಡಿಸಿತು. ತನಿಖೆಯ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ.

ಇನ್ನೂರು ರೂಪಾಯಿ ಮಾಮೂಲು ಸಂಬಳದಾರನಿಗೆ ಕಿರಿಕಿರಿ. ವಿಧವಾ ವೇತನಕ್ಕೆ ಅರ್ಜಿ ಹಿಡಿದು ನಿಂತ ಕೂಲಿ ಹೆಂಗಸಿಗೆ ಅದು ಮನೆಯ ಅಕ್ಕಿ. ನಾವು ‘ಹೋಗಲಿ ಬಿಡಿ’ ಎಂದು ಕೊಟ್ಟು ಬಂದ ಹಣವೇ ನಮ್ಮ ಹಿಂದೆ ನಿಂತ ಆಕೆಗೆ ದರವಾಗುತ್ತದೆ. ನಮ್ಮ ಕಡತ ಮುಂದೆ ಹೋದಷ್ಟೂ ಆಕೆಯದು ಹಿಂದೆ ಸರಿಯುತ್ತದೆ.

ನಾಳೆ ನೀವು ಅರ್ಜಿ ಹಿಡಿದು ಕಚೇರಿಗೆ ಹೋಗುತ್ತೀರಿ. ಪರೀಕ್ಷೆ ಪಾಸಾಗಿ ಕೆಲವರು ಅದೇ ಮೇಜಿನಾಚೆಯೂ ಕೂರುತ್ತೀರಿ. ಈಚೆ ನಿಂತಾಗ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆಚೆ ಕೂತಾಗ ಕೇಳುವ ಮೊದಲೇ ಕೊಡಿ.