ಒಂದು ಅಕ್ಷರದ ಕಥೆ

ಎಂ.ಟೆಕ್ ಓದಿದವಳು ಕಂಪ್ಯೂಟರ್ ಬಗ್ಗೆ ಹೇಳುತ್ತಾಳೆ ಅಂದುಕೊಂಡಿದ್ದೀರೇನೋ. ಇವತ್ತು ನಾನು ಹೇಳಹೊರಟಿದ್ದು ಒಂದು ಅಪರೂಪದ ಹಳೆಯ ಇಂಗ್ಲಿಷ್ ಪದದ ಬಗ್ಗೆ. ಆ ಪದ ‘ಸೆಲ್ಟ್’.

ನಾವಿರುವ ಈ ಪಲ್ಲಾವರಂಗೆ ಇತಿಹಾಸದಲ್ಲಿ ದೊಡ್ಡ ಹೆಸರಿದೆ. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಇಲ್ಲಿನ ಜಲ್ಲಿಗುಂಡಿಯಲ್ಲಿ ಮನುಷ್ಯರು ಕೆತ್ತಿದ ಕಲ್ಲಿನ ಆಯುಧ ಸಿಕ್ಕಿತು. ಭಾರತದ ಹಳೆಯ ಶಿಲಾಯುಗದ ಅಧ್ಯಯನ ಶುರುವಾದದ್ದೇ ಅಲ್ಲಿಂದ. ಮುಂದೆ ಅವರು ನಮ್ಮ ಬಳ್ಳಾರಿಯ ಬೆಟ್ಟಗಳಲ್ಲೂ ಓಡಾಡಿ, ನವಶಿಲಾಯುಗದ ನುಣುಪಾಗಿ ಉಜ್ಜಿದ ಕಲ್ಗೊಡಲಿಗಳನ್ನು ಸಂಗ್ರಹಿಸಿದರು. ಇಂಥ ಕೊಡಲಿಗೇ ‘ಸೆಲ್ಟ್’ ಎನ್ನುವುದು. ಫೂಟ್ ಅವರ ಸಂಗ್ರಹ ಎಗ್ಮೋರ್ ಮ್ಯೂಸಿಯಂ ಸೇರಿತು.

ಈ ಪದ ಹುಟ್ಟಿದ್ದು ಹೇಗೆ? ಬೈಬಲ್‌ನಲ್ಲಿ ಯೋಬ ಎಂಬಾತ, ತನ್ನ ಮಾತುಗಳನ್ನು ಬಂಡೆಯಲ್ಲಿ ಶಾಶ್ವತವಾಗಿ ಕೆತ್ತಬಾರದೇ ಎಂದು ಹಂಬಲಿಸುತ್ತಾನೆ. ಲ್ಯಾಟಿನ್ ಅನುವಾದದ ಕೆಲವು ಪ್ರತಿಗಳಲ್ಲಿ ಅಲ್ಲಿ ‘ಸೆಲ್ಟೆ’ ಎಂದಿದೆ. ಕೆತ್ತುವ ಮಾತು ಬಂದಿದೆಯಲ್ಲ, ಹಾಗಾಗಿ ಓದಿದವರು ಅದನ್ನು ‘ಉಳಿಯಿಂದ’ ಎಂದು ಅರ್ಥಮಾಡಿಕೊಂಡರು. ಬೇರೆ ಪ್ರತಿಗಳಲ್ಲಿ ಇರುವುದು ‘ಸೆರ್ಟೆ’, ಅಂದರೆ ‘ಖಂಡಿತವಾಗಿ’. ನಕಲು ಮಾಡುವಾಗ ಒಂದು ಅಕ್ಷರ ತಪ್ಪಿರಬೇಕು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 18ನೇ ಶತಮಾನದಲ್ಲಿ ಇಂಗ್ಲಿಷಿನವರು ಅದೇ ಪದವನ್ನು ಹಳೆಯ ಕಲ್ಲು, ಕಂಚಿನ ಕೊಡಲಿಗಳಿಗೆ ಇಟ್ಟರು.

ನಮ್ಮ ಕೋಡಿಂಗ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಪ್ರೋಗ್ರಾಂ ನಿಂತೇಹೋಗುತ್ತದೆ. ಭಾಷೆ ಹಾಗಲ್ಲ. ಜನ ಬಳಸಿದರು, ತಪ್ಪು ಪದವೂ ಸುಮಾರು 300 ವರ್ಷ ಬದುಕಿತು. ಬಳಸದಿದ್ದರೆ ಸರಿಯಾದ ಪದವೂ ಸಾಯುತ್ತದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಚೆನ್ನೈನಲ್ಲಿ ಬೆಳೆಯುವ ನಮ್ಮ ಮಕ್ಕಳು “ಅಮ್ಮ, ತಣ್ಣಿ ಕೊಡು” ಅನ್ನುತ್ತಾರೆ. ಊರಿಂದ ಬಂದ ನೆಂಟರು ನಗುತ್ತಾರೆ. ಎರಡು ಸಲ ನಕ್ಕರೆ ಸಾಕು, ಮೂರನೆಯ ಸಲ ಮಗು ಇಂಗ್ಲಿಷಿನಲ್ಲೇ ಕೇಳುತ್ತದೆ. ಆಮೇಲೆ ತಿದ್ದಲಿಕ್ಕೂ ಕನ್ನಡ ಉಳಿದಿರುವುದಿಲ್ಲ. ನಗುವ ಬದಲು “ತಗೋ ಪುಟ್ಟಿ, ನೀರು” ಎಂದು ಲೋಟ ಕೊಡಿ. ದಿನಾ ಕೇಳಿದರೆ ಆ ಪದ ತಾನಾಗಿ ಬಾಯಿಗೆ ಬರುತ್ತದೆ.

ಕಲ್ಲು ಕೆತ್ತುವ ಸಾಧನಕ್ಕೆ ಕನ್ನಡದಲ್ಲಿ ‘ಉಳಿ’ ಎನ್ನುತ್ತೇವೆ. ಬಾಳಿಕೊಂಡು ನಿಲ್ಲು ಎನ್ನುವುದಕ್ಕೂ ‘ಉಳಿ’ ಎಂದೇ ಹೇಳುತ್ತೇವೆ. ಮಕ್ಕಳ ಹರಕುಮುರುಕು ಕನ್ನಡಕ್ಕೆ ಮನೆಯಲ್ಲಿ ಜಾಗ ಕೊಡೋಣ.